ಬೋಗುಣಿಯ ಅರ್ಧ

ಬಿಳಿ ಪ್ಲಾಸ್ಟಿಕ್ ಮಗ್ಗಿನ ಹೊರಮೈ ಮೇಲೆ ಕೆಂಪು ಉಗುರುಬಣ್ಣದ ಮೂರು ಅಡ್ಡಗೆರೆಗಳು. ತಳದಿಂದ ಮೊದಲ ಗೆರೆಗೆ ಮೂರು ಬೆರಳು, ಅಲ್ಲಿಂದ ಎರಡನೆಯದಕ್ಕೆ ಎರಡೂವರೆ, ಮೂರನೆಯದಕ್ಕೆ ಎರಡು, ಅಲ್ಲಿಂದ ಬಾಯಿಗೆ ಬರೀ ಒಂದೂವರೆ. ನೋಡಿದವರು ಯಾರೋ ಕಣ್ಣಂದಾಜಿನಲ್ಲಿ ಎಳೆದಿದ್ದಾರೆ ಎಂದುಕೊಂಡಾರು. ಆದರೆ ಮಗ್ಗು ತಳದಲ್ಲಿ ಸಣ್ಣದು, ಬಾಯಿಯಲ್ಲಿ ಅಗಲ. ನಾಲ್ಕು ಪಾಲೂ ಸಮ ಬರಬೇಕಾದರೆ ಗೆರೆಗಳು ಹೀಗೆಯೇ ಹತ್ತಿರ ಹತ್ತಿರ ಸರಿಯಬೇಕು. ಹೋದ ತಿಂಗಳು ನಮ್ಮ ತೋಟದ ಒಣದ್ರಾಕ್ಷಿ ಶೆಡ್ಡು ಬಿಚ್ಚಿಸುವಾಗ ಹಳೆಯ ಬಲೆಗಳ ಕೆಳಗೆ ಈ ಮಗ್ಗು ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷಗಳ ಮೇಲೂ ಅದರೊಳಗೆ ದ್ರಾಕ್ಷಿ ಅದ್ದುವ ಎಣ್ಣೆಯ ಜಿಡ್ಡು ವಾಸನೆಯಿತ್ತು, ಅದರ ಹಿಂದೆ ಸ್ವಲ್ಪ ಗಂಧಕ, ಅದರ ಹಿಂದೆ ಬಿಸಿಲಲ್ಲಿ ಕಾದ ತಗಡು. ಗೆರೆ ಎಳೆದವಳು ಸುನಂದಾ ಕಾಕು, ನನ್ನ ಅಪ್ಪನ ತಮ್ಮ ಕಾಕಾನ ಹೆಂಡತಿ. ತನ್ನ ಮದುವೆಯಲ್ಲಿ ಬಂದ ಉಗುರುಬಣ್ಣದ ಬಾಟಲಿಯನ್ನು ಅವಳು ಉಗುರಿಗೆ ಹಚ್ಚಿಕೊಂಡದ್ದು ನಾನು ನೋಡಲಿಲ್ಲ. ಅದೆಲ್ಲ ಅಳತೆಗೆರೆಗಳಿಗೇ ಖರ್ಚಾಯಿತು.

ನಮ್ಮ ಮನೆ ಕಾಗವಾಡದಿಂದ ಅಥಣಿಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗಿತ್ತು. ಸುತ್ತ ದ್ರಾಕ್ಷಿ, ದ್ರಾಕ್ಷಿಯಾಚೆ ಕಬ್ಬು. ಮನೆಯಲ್ಲಿ ಹನ್ನೊಂದು ಜನ. ಅಂಗಳಕ್ಕೆ ಎದೆಯೆತ್ತರದ ಕಲ್ಲಿನ ಗೋಡೆ, ಒಂದು ಕಬ್ಬಿಣದ ಗೇಟು. ಅದನ್ನು ತೆರೆದಾಗ ಏಳುತ್ತಿದ್ದ ಕಿರುಚಾಟದಿಂದ ಯಾರು ಹೋದರು, ಯಾರು ಬಂದರು ಎಂದು ಅಡುಗೆಮನೆಯಲ್ಲಿದ್ದವರಿಗೆ ಗೊತ್ತಾಗುತ್ತಿತ್ತು. ಗಂಡಸರು ಒಂದೇ ಎಳೆತಕ್ಕೆ ತೆಗೆಯುತ್ತಿದ್ದರು. ನನ್ನ ಅವ್ವ ಮತ್ತು ಅಜ್ಜಿ, ನಮ್ಮ ಆಯಿ, ಗುರುವಾರದ ಸಂತೆಗೆ ಹೋಗುವಾಗ ಮಾತ್ರ ತೆಗೆಯುತ್ತಿದ್ದರು. ಕಾಕುಗೆ ಸಂತೆಯೂ ಇರಲಿಲ್ಲ, ಸಣ್ಣ ಸೊಸೆ. ಅವಳು ಗೇಟು ತೆರೆದ ಸದ್ದು ಹೇಗಿರುತ್ತದೆಂದು ನನಗೆ ನೆನಪಿಲ್ಲ. ಅವಳು ಹೋಗುತ್ತಿದ್ದುದು ಹಿತ್ತಲ ಬಾಗಿಲಿನಿಂದ ತೋಟಕ್ಕೆ, ತೋಟದಿಂದ ಶೆಡ್ಡಿಗೆ, ಶೆಡ್ಡಿನಿಂದ ಮತ್ತೆ ಒಲೆಯ ಮುಂದಕ್ಕೆ. ಮನೆಯಲ್ಲಿ ಯಾರೂ ಅವಳನ್ನು ಬೈಯುತ್ತಿರಲಿಲ್ಲ. ಊಟಕ್ಕೆ ಕಡಿಮೆ ಇರಲಿಲ್ಲ, ಹಬ್ಬಕ್ಕೆ ಸೀರೆ ಬರುತ್ತಿತ್ತು. ಸಿಟ್ಟು ಮಾಡಿಕೊಳ್ಳಲು ಅವಳಿಗೆ ಒಬ್ಬ ಮನುಷ್ಯನನ್ನೂ ಆ ಮನೆ ಕೊಟ್ಟಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇದ್ದಿದ್ದರೆ ನಾನು ಹೇಳುತ್ತಿರುವುದು ನಿಮಗೆ ಗೊತ್ತಾಗುತ್ತದೆ.

ಕಾಕು ಚಿಕ್ಕೋಡಿ ತಾಲೂಕಿನ ಕರೋಶಿಯವಳು. ಮಾಸ್ತರಿಕೆಯ ತರಬೇತಿ ಮುಗಿಸಿದ ವರ್ಷವೇ ಮದುವೆ. ಆ ಪ್ರಮಾಣಪತ್ರ ಅವಳ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇತ್ತು. ಕಲಿಸುವುದನ್ನು ಮಾತ್ರ ಅವಳು ಟ್ರಂಕಿನಲ್ಲಿಡಲಿಲ್ಲ. ರೊಟ್ಟಿ ಬಡಿಯುತ್ತ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಆಯಿಗೆಂದು ಬಡಿದ ಅಗಲ ರೊಟ್ಟಿಯನ್ನು ಅರ್ಧ ಮುರಿದು ಒಂದು ಕೈಯಲ್ಲಿ, ತನ್ನ ಎರಡು ವರ್ಷದ ಮಗಳಿಗೆಂದು ಬಡಿದ ಅಂಗೈಯಗಲದ ರೊಟ್ಟಿಯನ್ನು ಅರ್ಧ ಮುರಿದು ಇನ್ನೊಂದು ಕೈಯಲ್ಲಿ ಹಿಡಿದು, "ಎರಡೂ ಅರ್ಧ. ನಿನಗ ಯಾವ್ದ ಬೇಕ?" ಎನ್ನುತ್ತಿದ್ದಳು. ನಾನು ದೊಡ್ಡದಕ್ಕೆ ಕೈ ಚಾಚಿದರೆ, "ಎರಡೂ ಅರ್ಧ ಅಂದ್ರ ಎರಡೂ ಸಮ ಅಲ್ಲೇನ ಬೇ?" ಎಂದು ನಗುತ್ತಿದ್ದಳು. ಅರ್ಧ ಎಂದ ಕೂಡಲೇ ಯಾವುದರ ಅರ್ಧ ಎಂದು ಕೇಳಬೇಕು ಎಂಬುದನ್ನು ನಾನು ಪುಸ್ತಕದಲ್ಲಿ ಓದುವ ಎರಡು ವರ್ಷ ಮೊದಲೇ ಹೊಟ್ಟೆಯಿಂದ ಕಲಿತಿದ್ದೆ.

ಗುಣಾಕಾರ ಕಲಿತದ್ದು ತೋಟದಲ್ಲಿ. ಒಂಬತ್ತು ಸಾಲು, ಸಾಲಿಗೆ ಹದಿನಾಲ್ಕು ಬಳ್ಳಿ. ಒಟ್ಟು ಎಷ್ಟು ಎಂದರೆ ನಾನು ಒಂದೊಂದೇ ಬಳ್ಳಿ ಮುಟ್ಟುತ್ತ ಓಡುತ್ತಿದ್ದೆ, ನಡುವೆ ತಪ್ಪುತ್ತಿದ್ದೆ, ಮತ್ತೆ ಮೊದಲಿನಿಂದ. ಒಂದು ದಿನ ಅವಳು ಪ್ರತಿ ಸಾಲಿನಲ್ಲೂ ಹತ್ತನೆಯ ಬಳ್ಳಿಗೆ ಹಳೆಯ ಸೀರೆಯ ಹಸಿರು ಚಿಂದಿ ಕಟ್ಟಿದಳು. ಗಟ್ಟಿ ಏರಿಯ ಮೇಲೆ ನಿಂತು ನೋಡಿದರೆ ತೋಟ ಎರಡು ತುಂಡಾಗಿತ್ತು. ಈ ಕಡೆ ಒಂಬತ್ತು ಹತ್ತಲೆ, ಆ ಕಡೆ ಒಂಬತ್ತು ನಾಕಲೆ. ತೊಂಬತ್ತು, ಮೂವತ್ತಾರು. ನೂರಾ ಇಪ್ಪತ್ತಾರು ಎಂದು ನಾನು ಕೂಗಿದಾಗ ದ್ರಾಕ್ಷಿ ಕೀಳುವ ಹೆಂಗಸರು ತಲೆಯೆತ್ತಿದರು. "ಸುನಂದಕ್ಕಾ, ಮಂದಿ ಹುಡುಗ್ರು ದ್ರಾಕ್ಷಿ ತಿಂತಾವ. ನಿಮ್ಮ ಹುಡುಗಿ ಬರೇ ಎಣಸಾಕತ್ತೈತಿ ನೋಡ್ರಿ," ಎಂದು ಒಬ್ಬಳು ಅಂದಳು. "ಎಣಿಸಿದ ಮ್ಯಾಲ ತಿಂತಾಳ ಬಿಡ, ಆಗ ಎಷ್ಟ ತಿಂದ್ಲಂತ ನಮಗರ ಗೊತ್ತಾಕ್ಕೈತಿ," ಎಂದಳು ಕಾಕು. ತೋಟದಲ್ಲಿ ಅವಳ ತಲೆಯ ಮೇಲಿನ ಸೆರಗು ಭುಜಕ್ಕೆ ಜಾರಿರುತ್ತಿತ್ತು. ಹಿತ್ತಲ ಬಾಗಿಲ ಹತ್ತಿರ ಬಂದಂತೆ ಅದು ತಾನಾಗಿ ಮೇಲೇರುತ್ತಿತ್ತು.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ, ಕಾಲುವೆಯಾಚೆಯ ಹಳ್ಳಿಯಲ್ಲಿ ಹೊಸದೊಂದು ಕನ್ನಡ ಶಾಲೆ ತೆರೆದರು. ಅಲ್ಲಿನ ಹೆಡ್ ಮಾಸ್ತರರಿಗೆ ಕಾಕುವಿನ ತರಬೇತಿಯ ವಿಷಯ ಯಾರಿಂದಲೋ ತಿಳಿದು, ಜೂನಿನಿಂದ ಸಣ್ಣ ಮಕ್ಕಳಿಗೆ ಗಣಿತ ಕಲಿಸಲು ಬರಬಹುದೇ ಎಂದು ಹೇಳಿ ಕಳಿಸಿದರು. ಮನೆಯಲ್ಲಿ ಎರಡು ದಿನ ಯಾರೂ ಆ ಮಾತೆತ್ತಲಿಲ್ಲ. ಮೂರನೆಯ ದಿನ ಅಜ್ಜ ಊಟಕ್ಕೆ ಕೂತಾಗ, ಶಾಲೆಯ ಶಿಕ್ಷಕಿಯನ್ನು ಕರೆಯುವವನಂತೆ, "ಏನ್ರೀ ಅಕ್ಕೋರ, ಸಾಲಿಗಿ ಹೋಗಾವ್ರಂತ," ಎಂದ. ಕಾಕು ರೊಟ್ಟಿ ಬಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನೀವ ಹ್ಞೂಂ ಅಂದ್ರ ಹೊಕ್ಕೇನ್ರಿ ಮಾಮಾ," ಎಂದಳು. ಅಜ್ಜ ಬಹಳ ಹೊತ್ತು ಅಗಿದ. ಕೊನೆಗೆ, "ಹಂಗಾಮ ಮುಗೀಲಿ. ಈ ಸಲ ಶೆಡ್ಡಿನ ಅಳತಿ ಎಲ್ಲಾ ನಿನಗ ಬಿಟ್ಟೇನಿ. ಮಣೂಕ ಚೊಲೊ ಬಂದ್ರ ಜೂನ್ದಾಗ ಹೋಗಾಕಂತ," ಎಂದ. ಅಜ್ಜ ಒಮ್ಮೆ ಅಂದದ್ದನ್ನು ಬದಲಿಸುವವನಲ್ಲ. ಆ ಸಂಜೆ ಕಾಕು ಟ್ರಂಕು ತೆಗೆದು ಪ್ರಮಾಣಪತ್ರವನ್ನು ನೋಡಿ ಮತ್ತೆ ಮಡಿಕೆಯೊಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಇನ್ನು ನೀನೊಬ್ಬಳೇ ಅಲ್ಲ, ನಲವತ್ತು ಮಕ್ಕಳು ಎಂದಳು. ಅವಳ ಮುಖ ಬೆಳಗುತ್ತಿತ್ತು. ನನಗೆ ಏನಾಯಿತೆಂದು ಆಗ ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಅವಳ ರೊಟ್ಟಿಯನ್ನು ನಲವತ್ತು ಪಾಲು ಮಾಡಿ ನನಗೆ ಒಂದು ಕೊಟ್ಟಂತಾಯಿತು.

ನಮ್ಮ ಕಡೆ ದ್ರಾಕ್ಷಿಯನ್ನು ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಮೊದಲು ಒಂದು ದ್ರಾವಣದಲ್ಲಿ ಅದ್ದುತ್ತಾರೆ. ಡ್ರಮ್ಮಿನ ನೀರಿಗೆ ಬಿಳಿ ಪುಡಿ, ಅದಕ್ಕೊಂದಿಷ್ಟು ಎಣ್ಣೆ. ಹಣ್ಣು ತುಂಬಿದ ಕ್ರೇಟನ್ನು ಅದರಲ್ಲಿ ಮುಳುಗಿಸಿ ತೆಗೆದು, ಶೆಡ್ಡಿನಲ್ಲಿ ಒಂದರ ಮೇಲೊಂದು ಬಿಗಿದ ಬಲೆಗಳ ಮೇಲೆ ಹರಡಬೇಕು. ಅಳತೆ ಸರಿಯಿದ್ದರೆ ಹಣ್ಣಿನ ಸಿಪ್ಪೆ ತೇವವನ್ನು ಬೇಗ ಬಿಟ್ಟುಕೊಟ್ಟು ಹಸಿರು ಬಂಗಾರದ ಬಣ್ಣಕ್ಕೆ ಬರುತ್ತದೆ. ಪುಡಿ ಕಡಿಮೆ ಬಿದ್ದರೆ ಒಣಗುವುದು ತಡವಾಗಿ ಕಪ್ಪಾಗುತ್ತದೆ. ಕಾಕು ತಕ್ಕಡಿ ತರಿಸಿ ಒಮ್ಮೆ ತೂಗಿ ನೋಡಿ, ಡ್ರಮ್ಮಿಗೆ ಬೇಕಾದಷ್ಟು ಪುಡಿ ಸರಿಯಾಗಿ ಹಿಡಿಸುವ ಒಂದು ಸ್ಟೀಲ್ ಬೋಗುಣಿಯನ್ನು ಅಡುಗೆಮನೆಯಿಂದ ಆರಿಸಿಕೊಂಡು ಬಂದಿದ್ದಳು. ತಳ ಸಣ್ಣ, ಬಾಯಿ ಅಗಲ. ತುಂಬಿ ಅಂಗೈಯಿಂದ ಸವರಿದರೆ ಒಂದು ಡ್ರಮ್ಮಿನ ಅಳತೆ. ಎಣ್ಣೆಗೆ ಗೆರೆಗಳ ಮಗ್ಗು. ಆ ಹಂಗಾಮಿನ ಮೊದಲ ಮೂರು ವಾರ ಬಲೆಗಳ ಮೇಲೆ ಒಂದು ಕಪ್ಪು ಹಣ್ಣು ಹುಡುಕಿದರೂ ಸಿಗುತ್ತಿರಲಿಲ್ಲ. ಅಜ್ಜ ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದು ನೋಡಿ ಏನೂ ಅನ್ನದೆ ಜೇಬಿಗೆ ಹಾಕಿಕೊಂಡ. ಅವನಿಗೆ ಅದೇ ಹೊಗಳಿಕೆ.

ಕೊನೆಯ ತೋಟದ ಹಣ್ಣು ಇಳಿಸಿದ ಮಧ್ಯಾಹ್ನ ಹೆಡ್ ಮಾಸ್ತರರು ತಾವೇ ಮನೆಗೆ ಬಂದರು. ಗೇಟಿನ ಸದ್ದು ಶೆಡ್ಡಿಗೂ ಕೇಳಿಸಿತು. ಆಯಿ ಕಾಕುವನ್ನು ಚಹಾಕ್ಕೆ ಕರೆದಳು. "ಇನ್ನ ಅರ್ಧ ಡ್ರಮ್ಮ ಅಷ್ಟ ಉಳದೈತಿ, ಬಂದೆ ಬಂದೆ," ಎಂದು ಕಾಕು ಸೆರಗು ಏರಿಸುತ್ತ ಓಡಿದಳು. ಕ್ರೇಟುಗಳು ಬಿಸಿಲಿನಲ್ಲಿದ್ದವು. ಅದ್ದುವ ಹೆಂಗಸರು ಕೈಕಟ್ಟಿ ನಿಂತಿದ್ದರು. ಹತ್ತು ನಿಮಿಷ ಕಳೆದಿರಬೇಕು. ಕಾಕಾ ಬಂದ. "ಸುಮಿ, ಕಾಕು ಎಲ್ಲಿ ಅದಾಳ? ಹಣ್ಣ ಬಾಡಾಕತ್ತಾವ. ಹಾಕ ನೀನ, ನಿನಗೆಲ್ಲಾ ಗೊತ್ತೈತೆಲ್ಲ," ಎಂದ. ಗೊತ್ತಿತ್ತು. ಅರ್ಧ ಡ್ರಮ್ಮಿಗೆ ಅರ್ಧ ಬೋಗುಣಿ. ಕಾಕು ಆಗಿದ್ದರೆ ತುಂಬಿದ ಬೋಗುಣಿಯ ಪುಡಿಯನ್ನು ಕಾಗದದ ಮೇಲೆ ಸುರಿದು ಎರಡು ಸಮ ಗುಡ್ಡೆ ಮಾಡುತ್ತಿದ್ದಳು. ನನ್ನ ಕಿವಿಯೆಲ್ಲ ಮನೆಯ ಕಡೆಗಿತ್ತು. ಹೆಡ್ ಮಾಸ್ತರರ ನಗು ಕೇಳಿಸಿತು, ಅದರ ಹಿಂದೆ ಅಜ್ಜನದೂ. ಹಾಗಾದರೆ ಮುಗಿಯಿತು, ಅವಳು ಹೋದಳು ಎಂದುಕೊಂಡೆ. ಬೋಗುಣಿಯ ಒಳಗೋಡೆಯ ಮೇಲೆ ತಳಕ್ಕೂ ಬಾಯಿಗೂ ನಡುವೆ ಬೆರಳಿಟ್ಟು, ಅಲ್ಲಿಯವರೆಗೆ ಪುಡಿ ತುಂಬಿ, ನೀರಿಗೆ ಸುರಿದೆ. ಎಣ್ಣೆ ಮಾತ್ರ ಗೆರೆ ನೋಡಿ ಸರಿಯಾಗಿ ಹಾಕಿದೆ. ಆ ಗೆರೆಗಳು ಯಾಕೆ ಹತ್ತಿರ ಹತ್ತಿರ ಇವೆ ಎಂದು ಅವಳಿಗೆ ಪಾಠ ಒಪ್ಪಿಸಿದ್ದ ಹುಡುಗಿ, ಅದೇ ಮಾತು ಬೋಗುಣಿಗೂ ಅನ್ವಯಿಸುತ್ತದೆಂದು ಯೋಚಿಸಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಅಜ್ಜ ಎಲ್ಲರನ್ನೂ ಶೆಡ್ಡಿಗೆ ಕರೆದ. ಮೇಲಿನ ಬಲೆಗಳಲ್ಲಿ ಹಣ್ಣು ಬಂಗಾರ. ಕೆಳಗಿನ ಎರಡು ಬಲೆಗಳಲ್ಲಿ ಹುಣಸೆಯ ಬಣ್ಣ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು, ಹುಳಿ ವಾಸನೆ. ಕಾಕು ಬಗ್ಗಿ ಒಂದನ್ನು ಬಾಯಿಗೆ ಹಾಕಿಕೊಂಡಳು. ಎದ್ದು ಕಪಾಟಿನ ಮೇಲಿನ ಬೋಗುಣಿಯನ್ನು ನೋಡಿದಳು. ಒಳಗೋಡೆಯ ಮೇಲೆ ನಡುಮಟ್ಟದಲ್ಲಿ ಪುಡಿಯ ಬಿಳಿ ಗೆರೆಯೊಂದು ಒಣಗಿ ನಿಂತಿತ್ತು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಗೊತ್ತಾದದ್ದು ನನಗೆ ಗೊತ್ತಾಯಿತು. "ಈ ಪಾವಡರ್ ಯಾರ ಹಾಕ್ಯಾರ?" ಎಂದು ಅಜ್ಜ ಕೇಳಿದ. ಕಾಕಾ ತನ್ನ ಚಪ್ಪಲಿಯ ಅಂಗುಟ ನೋಡುತ್ತಿದ್ದ. "ನಾನ ಹಾಕೇನ್ರಿ ಮಾಮಾ. ಅವಸರದಾಗ ಅಳತಿ ತಪ್ಪೇತ್ರಿ," ಎಂದಳು ಕಾಕು.

ಅಜ್ಜ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಮೆಲ್ಲಗೆ, ಸಮಾಧಾನ ಮಾಡುವವನಂತೆ ಹೇಳಿದ. "ಇರಲಿ ಬಿಡವಾ. ಮನಿ ಬೋಗುಣಿಯಾಗ ಅರ್ಧ ಅಳೀಲಾಕ ಬರಲಿಲ್ಲ ನಿನಗ. ಮಂದಿ ಮಕ್ಕಳಿಗಿ ಏನ ಕಲಸ್ತಿ? ಮನಿಯಾಗ ಆರಾಮ ಇರ." ಅಷ್ಟೇ. ಅದೇ ವಾರ ಹೆಡ್ ಮಾಸ್ತರರಿಗೆ ಹೇಳಿ ಕಳಿಸಿದರು. ಅವರು ರಾಯಬಾಗದ ಕಡೆಯ ಬೇರೊಬ್ಬರನ್ನು ತೆಗೆದುಕೊಂಡರಂತೆ. ನಾನು ಯಾಕೆ ಬಾಯಿ ತೆರೆಯಲಿಲ್ಲ? ಹೆದರಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹತ್ತು ವರ್ಷದ ಹುಡುಗಿ ಹೆದರುವುದು ಸಹಜ, ಯಾರೂ ತಪ್ಪೆನ್ನುವುದಿಲ್ಲ. ಆದರೆ ಅದು ಪೂರ್ತಿ ನಿಜವಲ್ಲ. ಅಜ್ಜ "ಮನಿಯಾಗ ಆರಾಮ ಇರ" ಎಂದಾಗ, ಒಂದು ಕ್ಷಣ, ಇನ್ನೂ ಕಡಿಮೆ ಇರಬಹುದು, ನಾನು ಸಂತೋಷಪಟ್ಟೆ. ಇದನ್ನು ಈವರೆಗೆ ಎಲ್ಲೂ ಬರೆದಿಲ್ಲ.

ಕೆಲವು ದಿನ ಕಳೆದ ಮೇಲೆ, ಎಲ್ಲರೂ ಮಲಗಿದ್ದ ಒಂದು ಮಧ್ಯಾಹ್ನ, ಕಾಕು ನನ್ನನ್ನು ಹಿತ್ತಲ ಕಟ್ಟೆಗೆ ಕರೆದಳು. ಆ ಬೋಗುಣಿ, ಒಂದು ನೀರಿನ ಕೊಡ, ಒಂದು ಗ್ಲಾಸು. "ಅಂದ ಎಲ್ಲಿ ತನಕ ಹಾಕಿದ್ದಿ? ಬೆರಳ ಇಡ," ಎಂದಳು. ಇಟ್ಟೆ. "ಅಲ್ಲಿ ತನಕ ನೀರ ಹಾಕ, ಗ್ಲಾಸ ಎಣಸ." ನಾಲ್ಕು ಗ್ಲಾಸಿಗೆ ನೀರು ನನ್ನ ಬೆರಳು ಮುಟ್ಟಿತು. "ಇನ್ನ ತುಂಬಸ." ಐದು, ಆರು, ಏಳು. ನೀರು ಮೇಲೇರುವುದು ನಿಧಾನವಾಗುತ್ತ ಹೋಯಿತು. ಹನ್ನೆರಡನೆಯ ಗ್ಲಾಸಿಗೆ ಅಂಚು ಮುಟ್ಟಿತು. "ಹನ್ನೆರಡ್ರಾಗ ನಾಕ ಅಂದ್ರ?" ಎಂದು ಕೇಳಿದಳು. ಮೂರರಲ್ಲಿ ಒಂದು ಎಂದೆ. "ಅರ್ಧ ಎಲ್ಲಿ ಐತಿ ಹಂಗಾರ?" ಬೋಗುಣಿ ಬರಿದು ಮಾಡಿ ಆರು ಗ್ಲಾಸು ಸುರಿದೆ. ನೀರು ನಡುವಿಗಿಂತ ಬಹಳ ಮೇಲೆ, ನಾನು ಎಂದೂ ಅರ್ಧ ಎಂದುಕೊಳ್ಳದ ಜಾಗದಲ್ಲಿ ನಿಂತು ಅಲ್ಲಾಡಿತು. ನನಗೆ ಅಳು ಬಂತು. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, "ಅಳಬ್ಯಾಡ, ನೆನಪಿಡ. ನೆನಪಿಟ್ಟರ ಸಾಕ," ಎಂದಳು. ಬೇರೆ ಒಂದು ಮಾತೂ ಆಡಲಿಲ್ಲ, ಆವತ್ತೂ, ಮುಂದೆಯೂ. ನೀರನ್ನು ಚೆಲ್ಲದೆ ಕರಿಬೇವಿನ ಗಿಡಕ್ಕೆ ಹಾಕಿದಳು.

ನಾನು ಓದಿದೆ. ಅಥಣಿ, ಆಮೇಲೆ ಬೆಳಗಾವಿ, ಗಣಿತದಲ್ಲಿ ಎಂ.ಎಸ್ಸಿ. ಆ ಕಬ್ಬಿಣದ ಗೇಟನ್ನು ನಾನು ಒಂದೇ ಎಳೆತಕ್ಕೆ ತೆಗೆದು ಹೋಗುವುದನ್ನು ಕಾಕು ಪ್ರತಿಸಲ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಈಗ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಚಿತ್ರ ಬರೆದು, ಮನೆಯ ಸಾಮಾನು ಮುಂದಿಟ್ಟು ಲೆಕ್ಕ ಕಲಿಸುವುದು ಹೇಗೆಂದು ತರಬೇತಿ ಕೊಡುವುದು ನನ್ನ ಕೆಲಸ. ನಿಪ್ಪಾಣಿಯಲ್ಲೊಮ್ಮೆ ತರಬೇತಿಯ ನಡುವೆ ಬೋಗುಣಿಗೆ ಗ್ಲಾಸಿನಿಂದ ನೀರು ಸುರಿದು ತೋರಿಸಿದಾಗ ಹಿರಿಯ ಶಿಕ್ಷಕಿಯೊಬ್ಬರು, "ಇದನ್ನ ಎಲ್ಲಿ ಕಲ್ತ್ರಿ ಮೇಡಂ?" ಎಂದು ಕೇಳಿದರು. ಮನೆಯಲ್ಲಿ ಎಂದೆ. ಕಾಕುವಿನ ಹೆಸರು ಹೇಳಬಹುದಿತ್ತು. ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತದೆಂದು ಹೇಳಲಿಲ್ಲ. ಮನೆಗೆ ಹೋದಾಗಲೆಲ್ಲ ಅವಳ ಮುಂದೆ ಕೂತು, ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಪುಡಿ ಹಾಕಿದ್ದನ್ನಲ್ಲ, ಅದು ಅವಳಿಗೆ ಗೊತ್ತಿತ್ತು. ಇನ್ನೊಂದನ್ನು. ಅವಳು ನನ್ನ ತರಬೇತಿಯ ಸುದ್ದಿ ಕೇಳುತ್ತಿದ್ದಳು, ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಚಿತ್ರ ಬರೆದೆ ಎಂದು ಕೇಳುತ್ತಿದ್ದಳು. ಮಾತು ಅಲ್ಲೇ ಸುತ್ತಿ ಹೊತ್ತು ಹೋಗುತ್ತಿತ್ತು. ಅಜ್ಜ ತೀರಿಕೊಂಡ. ಆಯಿ ತೀರಿಕೊಂಡಳು. ದೊಡ್ಡ ಮನೆ ಕೆಡವಿ ಅಣ್ಣತಮ್ಮಂದಿರು ಬೇರೆ ಬೇರೆ ಕಟ್ಟಿಕೊಂಡರು, ದ್ರಾಕ್ಷಿ ತೆಗೆದು ಕಬ್ಬು ಹಚ್ಚಿದರು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ ಕಾಕು ಮತ್ತೆ ಏಳಲಿಲ್ಲ. ನಲವತ್ತನಾಲ್ಕು ವರ್ಷ ಅವಳಿಗೆ.

ಶೆಡ್ಡು ಬಿಚ್ಚಿದ ದಿನ ಸಂಜೆ ಕಾಕಾ ಮತ್ತು ನಾನು ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಅವನ ಮಗಳು ಒಳಗೆ ಪರೀಕ್ಷೆಗೆ ಓದುತ್ತಿದ್ದಳು. ಬಿಚ್ಚಿದ ಕಂಬಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು. "ಆ ಅರ್ಧ ಡ್ರಮ್ಮಿನ ಪಾವಡರ್ ನಾ ಹಾಕಿದ್ನಿ, ಕಾಕಾ," ಎಂದೆ.

"ಹಾಕ ಅಂದಾವ ನಾನ," ಎಂದ ಅವನು. ಇಷ್ಟು ವರ್ಷ ಆ ಮಾತಿಗೇ ಕಾಯುತ್ತಿದ್ದವನಂತೆ ತಡವಿಲ್ಲದೆ.

"ಮತ್ತ ಅಜ್ಜನ ಮುಂದ ಯಾಕ ಸುಮ್ಮಕಿದ್ದಿ?"

ಅವನು ಕಪ್ಪಿನ ಚಹಾವನ್ನು ಬಸಿಗೆ ಸುರುವಿಕೊಂಡ. "ನಾ ಹತ್ತನೇತ್ತಾ ಫೇಲ. ಅಕಿ ದಿನಾ ಮುಂಜಾನೆ ಎದ್ದ, ಪರ್ಸ ಹಿಡಕೊಂಡ, ಅಕ್ಕೋರ ಆಗಿ ಹೊಂಟ್ರ ನಾ ಯಾರ ಮುಂದ ಹ್ಯಾಂಗ ನಿಂದ್ರಬೇಕ ಅನಸ್ತ. ಅಪ್ಪಾ ಬ್ಯಾಡ ಅಂದಾಗ ಚೊಲೊ ಆತ ಅನಸ್ತ." ಬಸಿಯಿಂದ ಒಂದು ಗುಟುಕು ಕುಡಿದು, "ಅಕಿಗಿ ಒಂದ ದಿನಾನೂ ಹೇಳ್ಲಿಲ್ಲ," ಎಂದ. ಮತ್ತೆ ನನ್ನ ಕಡೆ ತಿರುಗಿ, "ನೀ ಸಣ್ಣಾಕಿ ಇದ್ದಿ, ಅಂಜಿದ್ದಿ. ನಿನ್ನದೇನ ತಪ್ಪಿಲ್ಲ ಬಿಡ," ಎಂದ.

ಅವನು ಕೊಟ್ಟ ಆ ಮಾಫಿಯನ್ನು ತೆಗೆದುಕೊಳ್ಳುವುದು ಸುಲಭವಿತ್ತು. "ಅಂಜಿದ್ದಿಲ್ಲ," ಎಂದೆ. "ಅಕಿ ಹೋಗೂದ ನನಗೂ ಬ್ಯಾಡಾಗಿತ್ತು."

ಕಾಕಾ ಬಸಿ ಕೆಳಗಿಟ್ಟು ಮುಖ ಒರೆಸಿಕೊಂಡ. ಅವಳನ್ನು ಅಜ್ಜ ಹಿಡಿದಿಟ್ಟ ಎಂದು ಇಬ್ಬರೂ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆವು. ಅಜ್ಜ ಪಾಪ, ತನಗೆ ಕಂಡದ್ದನ್ನು ನೋಡಿ ಮಾತಾಡಿದ್ದ. ಅವಳನ್ನು ಹಿಡಿದಿಟ್ಟವರು ಅವಳು ಪ್ರೀತಿ ಮಾಡಿದ ಇಬ್ಬರು.

ಮರುದಿನ ಬೆಳಿಗ್ಗೆ ಎಂಟೂಮುಕ್ಕಾಲಿಗೆ ನಾನು ಕಾಲುವೆಯಾಚೆಯ ಆ ಶಾಲೆಗೆಂದು ಮನೆಯಿಂದ ಹೊರಟೆ. ಸ್ಕೂಟರ್ ಇತ್ತು, ತೆಗೆದುಕೊಳ್ಳಲಿಲ್ಲ. ಅವಳಾಗಿದ್ದರೆ ನಡೆದೇ ಹೋಗುತ್ತಿದ್ದಳು. ಕಬ್ಬಿನ ನಡುವಿನ ಬಂಡಿದಾರಿ, ಕಾಲುವೆಯ ಸಣ್ಣ ಸೇತುವೆ, ಅದರಾಚೆ ಎರಡು ಬೇವಿನ ಮರ, ಅಲ್ಲಿಂದ ಡಾಂಬರು. ಎಲ್ಲಿ ನೆರಳಿದೆ, ಎಲ್ಲಿ ಮಳೆಗಾಲದಲ್ಲಿ ಕೆಸರಾಗುತ್ತದೆ, ಯಾವ ಮನೆಯವರು ಬಾಗಿಲಲ್ಲಿ ನಿಂತು ಅವಳನ್ನು ಮಾತಾಡಿಸುತ್ತಿದ್ದರು ಎಂದು ನೋಡುತ್ತ ಹೋದೆ. ಶಾಲೆ ಮುಟ್ಟಲು ಮೂವತ್ತೇಳು ನಿಮಿಷ ಹಿಡಿಯಿತು. ಪ್ರಾರ್ಥನೆ ಶುರುವಾಗಿತ್ತು. ಸಣ್ಣ ಮಕ್ಕಳು ಮುಂದೆ, ದೊಡ್ಡವರು ಹಿಂದೆ, ಸಾಲು ಸಾಲು. ಕಟ್ಟೆಯ ಮೇಲೆ ನಾಲ್ವರು ಶಿಕ್ಷಕಿಯರು ನಿಂತಿದ್ದರು. ಗೇಟಿನ ಹತ್ತಿರ ನೀರು ಹೊಡೆಯುತ್ತಿದ್ದ ಹೆಂಗಸು ನನ್ನನ್ನು ನೋಡಿ, "ಯಾರ ಬೇಕಾಗಿತ್ರಿ?" ಎಂದು ಕೇಳಿದಳು. ಯಾರೂ ಇಲ್ಲರಿ ಎಂದೆ. ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ಒಳಗೆ ಹೋಗುವವರೆಗೆ ನಿಂತೆ. ಆಮೇಲೆ ಬಂದ ದಾರಿಯಲ್ಲೇ ನಡೆದೆ.